ಆಣೆಯಿಲ್ಲದ ಮಾತು

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಕೇಳಿದ ಸಂಘದ ಮಿತ್ರರು, ನ್ಯಾಯಾಲಯದ ಅನುಭವಗಳನ್ನೇ ಬರೆದರೆ ಚೆನ್ನು ಎಂಬ ಸೂಚನೆಯನ್ನೂ ಜತೆಗಿಟ್ಟಿದ್ದರು. ಕಾಸರಗೋಡಿನಂತಹ ಗಡಿನಾಡಿನಲ್ಲಿ ಬಹುಕಾಲ ನ್ಯಾಯಾಲಯದ ಗುಮಾಸ್ತನಾಗಿದ್ದವನ ಬಳಿ ಕಥೆಗಳಿಗೆ ಬರವಿಲ್ಲ. ಆದರೆ ವಯಸ್ಸು ಎಪ್ಪತ್ತನ್ನು ದಾಟಿದ ಮೇಲೆ ಪರರ ವ್ಯಾಜ್ಯಗಳು ಒಂದೊಂದಾಗಿ ನೆನಪಿನಿಂದ ಜಾರಿಹೋಗಿ, ನಾನೇ ಆಡಿದ ಒಂದು ಮಾತು ಮಾತ್ರ ಉಳಿದುಕೊಂಡಿದೆ. ಆ ಮಾತು ಎಂಥದ್ದೆಂದು ನನಗೆ ತಿಳಿಸಿಕೊಟ್ಟದ್ದು ಯೇಸುವಿನ ಒಂದು ಬೋಧನೆ. ನಾನು ಕ್ರೈಸ್ತನಲ್ಲ. ಆ ಧರ್ಮದ ಕುರಿತು ಅಧಿಕಾರವಾಣಿಯಿಂದ ಮಾತನಾಡುವ ಯೋಗ್ಯತೆಯೂ ನನಗಿಲ್ಲ. ಓದಿದ್ದನ್ನೂ ಅದನ್ನು ಕುರಿತು ಯೋಚಿಸಿದ್ದನ್ನೂ ಓದುಗರ ಮುಂದಿಡುತ್ತೇನೆ.

ಬೆಂಚ್ ಕ್ಲರ್ಕ್ ಆಗಿದ್ದ ವರ್ಷಗಳಲ್ಲಿ ಸಾಕ್ಷಿಗಳಿಂದ ಪ್ರಮಾಣವಚನ ಹೇಳಿಸುವುದು ನನ್ನ ನಿತ್ಯದ ಕೆಲಸವಾಗಿತ್ತು. ಮಲಯಾಳ ಬಲ್ಲವರಿಗೆ ಮಲಯಾಳದಲ್ಲಿ, ಕನ್ನಡದವರಿಗೂ ತುಳುವರಿಗೂ ಕನ್ನಡದಲ್ಲಿ. ಸಿನಿಮಾಗಳಲ್ಲಿ ತೋರಿಸುವಂತೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಭಗವದ್ಗೀತೆಯನ್ನು ಯಾರೂ ತಂದು ಮುಂದೆ ಹಿಡಿಯುವುದಿಲ್ಲ. ಹಾಗೆ ಹಿಡಿಯಬೇಕೆಂದು ಕಾನೂನು ಹೇಳುವುದೂ ಇಲ್ಲ. ಕಟಕಟೆಗೆ ಬಂದವರು ದೇವರ ಹೆಸರಿನಲ್ಲಾಗಲಿ, ದೇವರ ಹೆಸರಿಲ್ಲದೆ ಗಂಭೀರವಾಗಿ ದೃಢೀಕರಿಸಿಯಾಗಲಿ ಮೂರು ಸಂಗತಿಗಳನ್ನು ಒಪ್ಪಿಕೊಳ್ಳುತ್ತಾರೆ. ಹೇಳುವುದು ಸತ್ಯವಾಗಿರುತ್ತದೆ, ಸಂಪೂರ್ಣ ಸತ್ಯವಾಗಿರುತ್ತದೆ, ಸತ್ಯವಲ್ಲದೆ ಬೇರೇನೂ ಆಗಿರುವುದಿಲ್ಲ. ಸಾವಿರಾರು ಬಾರಿ ಹೇಳಿಸಿದ್ದರಿಂದಲೋ ಏನೋ, ಆ ನಡುವಿನ ‘ಸಂಪೂರ್ಣ’ ಎಂಬ ಪದದ ಭಾರ ನನಗೆ ತಿಳಿಯದೇ ಹೋಗಿತ್ತು. ಪೂಜೆಯ ಗಂಟೆಯನ್ನು ದಿನವೂ ಬಾರಿಸುವವನಿಗೆ ಅದರ ನಾದ ಕೇಳಿಸುವುದು ನಿಂತುಹೋಗುವಂತೆ.

ನಮ್ಮ ಕಚೇರಿಯಲ್ಲಿ ಹಿರಿಯ ಬೆರಳಚ್ಚುಗಾರರೊಬ್ಬರಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಗೆ ಸೇರಿದ ಕನ್ನಡ ಕ್ರೈಸ್ತರು, ಮಿತಭಾಷಿಗಳು. ಒಂದು ಮಧ್ಯಾಹ್ನ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಅಂದು ಬೆಳಿಗ್ಗೆ ಸಾಕ್ಷಿ ಹೇಳಿದ ತಮ್ಮ ಸಭೆಯವನೊಬ್ಬನನ್ನು ನೆನೆದು ನಕ್ಕರು. “ರಾಯರೇ, ಬೇರೆಯವರಿಂದ ನೀವು ಆಣೆ ಹಾಕಿಸುವುದೇನೋ ಸರಿ. ಆಣೆಯನ್ನೇ ಹಾಕಬೇಡಿ ಎಂದವನನ್ನು ಗುರುವೆಂದು ಒಪ್ಪಿಕೊಂಡ ನಾವೂ ಬಂದು ಆಣೆ ಹಾಕುತ್ತೇವಲ್ಲ, ಅದಕ್ಕೇನೆನ್ನುತ್ತೀರಿ?” ಎಂದು ಕೇಳಿದರು. ನಾನು ಏನೂ ಅನ್ನಲಿಲ್ಲ. ಅಂಥದೊಂದು ಮಾತಿದೆಯೆಂದೇ ನನಗೆ ಗೊತ್ತಿರಲಿಲ್ಲ. ಮರುದಿನ ಅವರು ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ತಂದುಕೊಟ್ಟು, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಒಂದು ಬಸ್ ಚೀಟಿಯನ್ನು ಗುರುತಿಗೆ ಇಟ್ಟಿದ್ದರು.

ಬೆಟ್ಟದ ಮೇಲಿನ ಬೋಧನೆಯೆಂದು ಹೆಸರಾದ ಆ ಭಾಗದಲ್ಲಿ ಆಣೆಯ ವಿಚಾರ ಬರುವುದು ನಾಲ್ಕೈದು ಸಾಲುಗಳಲ್ಲಿ ಮಾತ್ರ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಆಣೆಯನ್ನು ನಿಷೇಧಿಸಿರಲಿಲ್ಲ. ಇಟ್ಟ ಆಣೆಯನ್ನು ಮುರಿಯಬಾರದು, ದೇವರಿಗೆ ಹೊತ್ತ ಹರಕೆಯನ್ನು ತೀರಿಸಬೇಕು ಎನ್ನುತ್ತಿತ್ತು. ಯೇಸು ಇದನ್ನು ನೆನಪಿಸಿ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಆಣೆಯೇ ಬೇಡ. ಆಕಾಶದ ಮೇಲೆ ಬೇಡ, ಅದು ದೇವರ ಸಿಂಹಾಸನ. ಭೂಮಿಯ ಮೇಲೆ ಬೇಡ, ಅದು ಅವನ ಪಾದಪೀಠ. ಯೆರೂಸಲೇಮಿನ ಮೇಲೂ ಬೇಡ. ಕೊನೆಗೆ, ನಿನ್ನ ತಲೆಯ ಮೇಲೆ ಕೈಯಿಟ್ಟೂ ಬೇಡ, ಏಕೆಂದರೆ ಅದರ ಒಂದು ಕೂದಲನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವುದು ನಿನ್ನಿಂದಾಗದು. ಹೌದಾದುದಕ್ಕೆ ಹೌದು ಎಂದರಾಯಿತು, ಅಲ್ಲದ್ದಕ್ಕೆ ಅಲ್ಲ ಎಂದರಾಯಿತು. ಅದರ ಮೇಲೆ ಸೇರಿಸುವುದೆಲ್ಲ ಕೇಡಿನ ಮೂಲದಿಂದ ಬಂದದ್ದು. ಕೂದಲಿನ ಮಾತು ಓದಿದಾಗ, ತಿಂಗಳಿಗೊಮ್ಮೆ ಕ್ಷೌರದಂಗಡಿಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ನನಗೆ ನಗು ಬಂತು. ಆದರೆ ಬುಡದಲ್ಲಿ ಚಿಗುರುವುದು ಬಿಳಿಯೇ ಎಂಬುದು ಬಣ್ಣ ಹಚ್ಚುವವನಿಗೆ ಇತರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೊದಲ ಓದಿಗೆ ಇದು ಬಾಯಿಯ ಶುದ್ಧಿಗೆ ಹೇಳಿದ ನಿಯಮದಂತೆ ಕಂಡಿತು. ಮಾತುಮಾತಿಗೂ ದೇವರನ್ನು ಎಳೆದು ತರಬೇಡಿ ಎಂದು ನಮ್ಮ ಅಜ್ಜಿಯಂದಿರೂ ಗದರುತ್ತಿದ್ದರಷ್ಟೆ. ಅದೇ ಸುವಾರ್ತೆಯ ಇಪ್ಪತ್ತಮೂರನೆಯ ಅಧ್ಯಾಯಕ್ಕೆ ಬಂದಾಗ ವಿಷಯ ಬೇರೆಯದೆಂದು ತಿಳಿಯಿತು. ಅಲ್ಲಿ ಯೇಸು ತನ್ನ ಕಾಲದ ಶಾಸ್ತ್ರಿಗಳ ಒಂದು ಲೆಕ್ಕಾಚಾರವನ್ನು ಬಯಲಿಗೆಳೆಯುತ್ತಾನೆ. ದೇವಾಲಯದ ಮೇಲೆ ಆಣೆಯಿಟ್ಟರೆ ಅದು ಕಟ್ಟುವುದಿಲ್ಲ, ದೇವಾಲಯದ ಚಿನ್ನದ ಮೇಲೆ ಇಟ್ಟರೆ ಕಟ್ಟುತ್ತದೆ; ಬಲಿಪೀಠದ ಮೇಲೆ ಇಟ್ಟರೆ ಬಾಧೆಯಿಲ್ಲ, ಪೀಠದ ಮೇಲಿನ ಕಾಣಿಕೆಯ ಮೇಲೆ ಇಟ್ಟರೆ ತಪ್ಪಿಸಿಕೊಳ್ಳುವಂತಿಲ್ಲ. ಅಂದರೆ ಆಣೆಗಳಲ್ಲಿಯೇ ಗಟ್ಟಿ, ಟೊಳ್ಳು ಎಂಬ ಎರಡು ದರ್ಜೆ. ಕೇಳುವವನಿಗೆ ಎರಡೂ ಒಂದೇ ರೀತಿ ಕೇಳಿಸುತ್ತವೆ. ಬಾಗಿಲು ಎಲ್ಲಿ ತೆರೆದಿದೆಯೆಂಬುದು ಹೇಳುವವನಿಗೆ ಮಾತ್ರ ತಿಳಿದಿರುತ್ತದೆ. ಸುಳ್ಳನ್ನು ತಡೆಯಲೆಂದು ಹುಟ್ಟಿದ ಆಣೆ, ಸುಳ್ಳಿಗೇ ಒಳ್ಳೆಯ ಮರೆಯಾಗುವ ಬಗೆ ಇದು.

ಈ ಅಧ್ಯಾಯವನ್ನು ಓದಿ ಮುಗಿಸಿ ನಾನು ಪುಸ್ತಕ ಮುಚ್ಚಿದೆ. ಏಕೆಂದರೆ ಆ ಬಾಗಿಲಿನಿಂದ ನಾನೂ ಒಮ್ಮೆ ಹೊರಗೆ ಹೋಗಿದ್ದೆ.

ತಂದೆ ತೀರಿಕೊಂಡ ಮೇಲೆ ನಮ್ಮ ಅಡಿಕೆ ತೋಟ ಪಾಲಾಗದೆ ಒಟ್ಟಿಗೇ ಇತ್ತು. ಅಣ್ಣ ಮುಂಬಯಿಯಲ್ಲಿ ನೌಕರಿಯಲ್ಲಿದ್ದುದರಿಂದ ಮದ್ದು ಬಿಡಿಸುವುದು, ಕೊಯ್ಲು, ಮಾರಾಟ ಎಲ್ಲವೂ ನನ್ನ ಪಾಲಿಗೆ ಬಂದಿತ್ತು. ಒಂದು ವರ್ಷ ದರ ಏರಿದ್ದನ್ನು ನೋಡಿ, ಅಟ್ಟದಲ್ಲಿ ಕೂಡಿಟ್ಟಿದ್ದ ಎರಡು ಬೆಳೆಯ ಅಡಿಕೆಯನ್ನು ಒಟ್ಟಿಗೆ ಮಾರಿದೆ. ಹಣ ಚೆಕ್ಕಿನಲ್ಲಿ ಬಂತು. ಚೆಕ್ಕು ಹೆಂಡತಿಯ ಹೆಸರಿನಲ್ಲಿತ್ತು, ಅವಳ ಖಾತೆಗೆ ಸೇರಿತು. ಮಗಳ ಕಾಲೇಜಿನ ಶುಲ್ಕ ತಲೆಯ ಮೇಲಿತ್ತು. ಅಣ್ಣನಿಗೆ ಮುಂದಿನ ವರ್ಷ ಸರಿಮಾಡಿ ಕೊಟ್ಟರಾಯಿತು ಎಂದುಕೊಂಡೆ. ಮೇ ತಿಂಗಳಲ್ಲಿ ಊರಿಗೆ ಬಂದ ಅಣ್ಣ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ, “ಅಡಿಕೆಯ ಹಣ ಬಂತೋ?” ಎಂದು ಕೇಳಿದ. “ನನ್ನ ಕೈಗೆ ಒಂದು ರೂಪಾಯಿಯೂ ಬಂದಿಲ್ಲ” ಎಂದೆ. ಅವನು ತಲೆಯೆತ್ತಿ ನೋಡಿ, “ದೇವರಾಣೆಗೂ?” ಎಂದ. “ದೇವರಾಣೆಗೂ ನನ್ನ ಕೈಗೆ ಬಂದಿಲ್ಲ.” ಅವನು ಎಲೆ ಬಾಯಿಗಿಟ್ಟುಕೊಂಡು ಸುಮ್ಮನಾದ. ಒಳಗೆ ಮೊಸರು ಕಡೆಯುತ್ತಿದ್ದ ನನ್ನ ಹೆಂಡತಿಯ ಕಡೆಗೋಲಿನ ಸದ್ದು ನಿಂತಿತು. ತುಸು ಹೊತ್ತಾದ ಮೇಲೆ ಮತ್ತೆ ಆರಂಭವಾಯಿತು.

ಮಾತಿನ ಪ್ರಕಾರ ನಾನು ಹೇಳಿದ್ದು ನಿಜ. ಯಾವ ವಕೀಲನೂ ಪಾಟೀಸವಾಲಿನಲ್ಲಿ ನನ್ನನ್ನು ಸಿಕ್ಕಿಸಲಾರ. ಕೈ ನನ್ನದು, ಖಾತೆ ಹೆಂಡತಿಯದು. ಚಿನ್ನ ಬೇರೆ, ದೇವಾಲಯ ಬೇರೆ. ಮರುದಿನ ಹತ್ತೂವರೆಗೆ ನ್ಯಾಯಾಲಯಕ್ಕೆ ಹೋಗಿ, ಕೂಲಿಯವನೊಬ್ಬನಿಂದ ‘ಸಂಪೂರ್ಣ ಸತ್ಯ’ ಎಂದು ಹೇಳಿಸಿದೆ. ನಾಲಿಗೆ ತೊದಲಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆ ಹುಟ್ಟಿಸುವುದು ಅದೇ.

ಅಂದು ಅಣ್ಣ ಆಣೆಯನ್ನು ಕೇಳದಿದ್ದರೆ ನನ್ನ ಮಾತು ಒಂದು ಸಾಧಾರಣ ಜಾಣತನವಾಗಿ ಉಳಿಯುತ್ತಿತ್ತು. ಅವನ ಸಂದೇಹ ಆಣೆಯನ್ನು ಕರೆಯಿತು, ಆಣೆ ಬಂದು ಸಂದೇಹದ ಬಾಯಿ ಮುಚ್ಚಿಸಿತು. ನಂಬಿಕೆ ಇರುವಲ್ಲಿ ಆಣೆಯ ಅಗತ್ಯವಿಲ್ಲ. ನಂಬಿಕೆ ಇಲ್ಲದಲ್ಲಿ ಆಣೆಯನ್ನು ನಂಬುವುದಾದರೂ ಹೇಗೆ? ಮತ್ತೂ ಒಂದು ತೊಡಕಿದೆ. ಆಣೆಯಿಟ್ಟು ಹೇಳಿದ್ದು ನಿಜವೆಂದಾದರೆ, ಆಣೆಯಿಲ್ಲದೆ ಹೇಳಿದ್ದು ಏನು? ಮನೆಯಲ್ಲಿ ಹಬ್ಬಕ್ಕೆ ಬೇರೆ ಪಾತ್ರೆ, ದಿನಬಳಕೆಗೆ ಬೇರೆ ಪಾತ್ರೆ ಇಡುವಂತೆ ನಾವು ಮಾತಿನಲ್ಲಿಯೂ ಎರಡು ಬಗೆ ಇಟ್ಟುಕೊಂಡುಬಿಡುತ್ತೇವೆ, ದಿನಬಳಕೆಯದಕ್ಕೆ ಕಲಾಯಿ ಹೋದರೂ ಚಿಂತೆಯಿಲ್ಲವೆಂಬಂತೆ.

ನಮ್ಮ ನುಡಿ ಈ ವಿಷಯದಲ್ಲಿ ನಮಗಿಂತ ಜಾಣ. ಆಣೆ ಎಂಬುದು ಆಜ್ಞೆ ಎಂಬುದರ ತದ್ಭವ; ದೇವರಾಣೆ ಎಂದಾಗ ನಾವು ದೇವರ ಅಧಿಕಾರವನ್ನೇ ಎರವಲು ತಂದು ನಮ್ಮ ಮಾತಿನ ಹಿಂದೆ ನಿಲ್ಲಿಸುತ್ತೇವೆ. ಪ್ರಮಾಣವೆಂದರೆ ನ್ಯಾಯಶಾಸ್ತ್ರದಲ್ಲಿ ಅರಿವಿಗೆ ಆಧಾರವಾದದ್ದು. ಆಪ್ತನ, ಎಂದರೆ ನಂಬಿಕೆಗೆ ಅರ್ಹನಾದವನ, ಮಾತು ತಾನೇ ಒಂದು ಪ್ರಮಾಣ. ಆ ಅರ್ಹತೆ ಸಾಲದೆ ಹೋದಾಗ ಬೇರೆ ‘ಪ್ರಮಾಣ’ ಮಾಡಬೇಕಾಗುತ್ತದೆ. ಇನ್ನು ಭಾಷೆ ಕೊಡುವುದೆಂದರೆ ಮಾತು ಕೊಡುವುದು. ಭಾಷೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ಕೂಡುವ ನಮ್ಮಂಥವರು ಈ ಎರಡನೆಯ ಅರ್ಥವನ್ನೂ ಆಗಾಗ ನೆನೆಯುವುದುಂಟೋ ಇಲ್ಲವೋ ಎಂದು ಸಭೆಗಳಲ್ಲಿ ಕುಳಿತಾಗ ನನಗೆ ಅನಿಸಿದ್ದುಂಟು.

ಸುವಾರ್ತೆಯಲ್ಲಿ ಆಣೆಯ ನಿಜಸ್ವರೂಪವನ್ನು ತೋರಿಸುವ ಪ್ರಸಂಗ ಬೋಧನೆಯಲ್ಲಿಲ್ಲ, ಕಥೆಯಲ್ಲಿದೆ. ಯೇಸುವನ್ನು ಹಿಡಿದ ರಾತ್ರಿ. ಮಹಾಯಾಜಕನ ಮನೆಯ ಒಳಗೆ ವಿಚಾರಣೆ, ಹೊರಗಿನ ಅಂಗಳದಲ್ಲಿ ಶಿಷ್ಯ ಪೇತ್ರ. ಕೆಲಸದ ಹುಡುಗಿಯೊಬ್ಬಳು ನೀನೂ ಅವನೊಡನೆ ಇದ್ದವನಲ್ಲವೇ ಎಂದಾಗ ಪೇತ್ರ ಬರಿಯ ಮಾತಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಎರಡನೆಯ ಬಾರಿ ಕೇಳಿದಾಗ ಆಣೆಯಿಟ್ಟು, ಅವನನ್ನು ನಾನರಿಯೆ ಎನ್ನುತ್ತಾನೆ. ಮೂರನೆಯ ಬಾರಿ ಶಾಪ ಹಾಕಿಕೊಂಡು ಆಣೆಯಿಡುತ್ತಾನೆ. ಸುಳ್ಳು ತೆಳ್ಳಗಾದಷ್ಟೂ ಆಣೆ ದಪ್ಪವಾಗುತ್ತದೆ. ಅದೇ ಹೊತ್ತಿಗೆ ಒಳಗೆ ಮಹಾಯಾಜಕನು ಜೀವಸ್ವರೂಪನಾದ ದೇವರ ಆಣೆ ಹಾಕಿ ಯೇಸುವನ್ನು ಪ್ರಶ್ನಿಸುತ್ತಾನೆ. ಅವನು ತಾನಾಗಿ ಯಾವ ಆಣೆಯನ್ನೂ ಇಡದೆ, ನೀನೇ ಹೇಳಿದೆಯಲ್ಲ ಎಂಬರ್ಥದ ಚಿಕ್ಕ ಉತ್ತರ ಕೊಡುತ್ತಾನೆ. ಆ ಉತ್ತರವೇ ಅವನ ಸಾವಿಗೆ ಕಾರಣವಾಗುತ್ತದೆ. ಒಂದು ಗೋಡೆಯ ಒಳಗೂ ಹೊರಗೂ ಎರಡು ಬಗೆಯ ಮಾತು. ಆಣೆಯಿಟ್ಟವನು ಬದುಕಿಕೊಂಡ, ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಈ ಬೋಧನೆಯನ್ನು ಕ್ರೈಸ್ತಲೋಕ ಒಮ್ಮತದಿಂದ ಅನುಸರಿಸಿತೆಂದು ಹೇಳಲಾಗದು. ಪೌಲನೇ ತನ್ನ ಪತ್ರಗಳಲ್ಲಿ ಹಲವೆಡೆ ದೇವರನ್ನು ಸಾಕ್ಷಿಗೆ ಕರೆಯುತ್ತಾನೆ. ಆಣೆಯಿಡುವುದು ತಾನಾಗಿ ಪಾಪವಲ್ಲ, ಆದರೆ ಅದರ ಅಭ್ಯಾಸ ಸುಳ್ಳಾಣೆಯ ಅಂಚಿಗೆ ಒಯ್ಯುತ್ತದೆ ಎಂಬುದು ಅಗಸ್ಟೀನನ ಅಭಿಪ್ರಾಯ. ಇಂಗ್ಲೆಂಡಿನ ಸಭೆಯ ಮೂವತ್ತೊಂಬತ್ತು ವಿಧಿಗಳಲ್ಲಿ ಕೊನೆಯದು, ವ್ಯರ್ಥವಾದ ಆಣೆ ನಿಷಿದ್ಧ, ನ್ಯಾಯಾಧಿಕಾರಿ ಕೇಳಿದಾಗ ಇಡುವ ಆಣೆ ನಿಷಿದ್ಧವಲ್ಲ ಎಂದು ನಡುಹಾದಿ ಹಿಡಿಯುತ್ತದೆ. ನಮ್ಮ ಬೆರಳಚ್ಚುಗಾರ ಮಿತ್ರರ ಸಭೆಯವನು ಕಟಕಟೆಯಲ್ಲಿ ನಿಂತದ್ದು ಈ ಹಾದಿಯಲ್ಲೇ. ಇದನ್ನು ಕಪಟವೆನ್ನಲು ನನಗೆ ಮನಸ್ಸಿಲ್ಲ. ಲೋಕ ನಡೆಯಬೇಕು, ಜಗಳ ತೀರಬೇಕು, ಎಲ್ಲರೂ ಆಪ್ತರಾಗುವವರೆಗೆ ನ್ಯಾಯಾಲಯ ಬಾಗಿಲು ಮುಚ್ಚಿ ಕುಳಿತಿರಲಾಗದು.

ಆದರೂ ಆ ಮಾತನ್ನು ಅಕ್ಷರಶಃ ಹಿಡಿದವರು ಇದ್ದರು. 1527ರಲ್ಲಿ ಶ್ಲೈಟ್‌ಹೈಮ್ ಎಂಬಲ್ಲಿ ಸೇರಿದ ಅನಾಬ್ಯಾಪ್ಟಿಸ್ಟರು ಒಪ್ಪಿಕೊಂಡ ಏಳು ವಿಧಿಗಳಲ್ಲಿ ಕೊನೆಯದು ಆಣೆಯ ನಿರಾಕರಣೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ವೇಕರರ ಕಥೆಯಂತೂ ಬೆಂಚ್ ಕ್ಲರ್ಕ್ ಒಬ್ಬನು ಮರೆಯಲಾಗದಂಥದು. ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬುದು ಆಗಿನ ಕಾನೂನು. ಕ್ವೇಕರರು ಅರಸನ ವಿರುದ್ಧ ಇರಲಿಲ್ಲ, ಪ್ರಮಾಣದ ವಿರುದ್ಧ ಇದ್ದರು. ಬೇರೆ ಆರೋಪ ನಿಲ್ಲದಿದ್ದಾಗ ಅಧಿಕಾರಿಗಳು ಪ್ರಮಾಣವನ್ನು ಮುಂದಿಡುತ್ತಿದ್ದರು, ಅವರು ನಿರಾಕರಿಸುತ್ತಿದ್ದರು, ಸೆರೆಮನೆಗೆ ಅಷ್ಟೇ ಸಾಕಾಗುತ್ತಿತ್ತು. 1664ರಲ್ಲಿ ಲ್ಯಾಂಕಾಸ್ಟರಿನ ನ್ಯಾಯಾಲಯದಲ್ಲಿ ಅವರ ಮುಂದಾಳು ಜಾರ್ಜ್ ಫಾಕ್ಸನ ಕೈಗೆ ಬೈಬಲನ್ನು ಕೊಟ್ಟು ಪ್ರಮಾಣ ಮಾಡೆಂದರು. ಅವನು ಅದನ್ನು ಹಿಡಿದು, ಆಣೆಯಿಡಬೇಡ ಎಂದು ಈ ಪುಸ್ತಕವೇ ಹೇಳುತ್ತಿದೆಯಲ್ಲ, ಪುಸ್ತಕವನ್ನು ಬಿಟ್ಟು ನನ್ನನ್ನೇಕೆ ಸೆರೆಗೆ ಹಾಕುತ್ತೀರಿ ಎಂಬರ್ಥದ ಮಾತನ್ನಾಡಿದ. 1666ರವರೆಗೆ ಸೆರೆಯಲ್ಲಿದ್ದ. ಅದೇ ವರ್ಷ ಅದೇ ಕಾರಣಕ್ಕೆ ಶಿಕ್ಷೆಗೊಳಗಾದ ಮಾರ್ಗರೆಟ್ ಫೆಲ್ ಬಿಡುಗಡೆಯಾದದ್ದು 1668ರಲ್ಲಿ.

ಸೆರೆ ಒಂದೇ ಕಷ್ಟವಲ್ಲ. ಪ್ರಮಾಣ ಮಾಡದವನು ಸಾಕ್ಷಿ ಹೇಳುವಂತಿಲ್ಲ. ಸಾಲ ವಸೂಲಿಗೆ ದಾವೆ ಹೂಡಿದರೆ ನಿಲ್ಲುವುದಿಲ್ಲ. ಮೋಸ ಮಾಡುವವರಿಗೆ ಇಷ್ಟು ಅನುಕೂಲದ ಗಿರಾಕಿ ಬೇರೆಲ್ಲಿ ಸಿಕ್ಕಿಯಾನು? 1696ರ ಕಾಯಿದೆ ಅವರಿಗೆ ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೊಟ್ಟಿತು. ಆದರೆ ಅದರ ಒಕ್ಕಣೆಯಲ್ಲಿ ದೇವರ ಸಮ್ಮುಖದ ಮಾತಿದ್ದುದರಿಂದ, ಇದೂ ಆಣೆಯೇ ಎಂದು ಹಲವರು ಒಪ್ಪಲಿಲ್ಲ. 1722ರಲ್ಲಿ ಅದನ್ನೂ ಸರಳಗೊಳಿಸಲಾಯಿತು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರ ಸಾಕ್ಷ್ಯವನ್ನು ಸ್ವೀಕರಿಸಲು 1828ರವರೆಗೆ ಕಾಯಬೇಕಾಯಿತು. 1833ರಲ್ಲಿ ಜೋಸೆಫ್ ಪೀಸ್ ಎಂಬ ಕ್ವೇಕರ್ ಪ್ರಮಾಣವಿಲ್ಲದೆ ದೃಢೀಕರಿಸಿಯೇ ಪಾರ್ಲಿಮೆಂಟಿನಲ್ಲಿ ಕುಳಿತ. ಒಂದು ‘ಹೌದು’ ತಾನಾಗಿ ಸಾಕಾಗುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಅವರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನ್ಯಾಯಾಲಯದ ಪ್ರಸಂಗವಲ್ಲ, ಅಂಗಡಿಯದು. ಆ ಕಾಲದ ಸಂತೆಯಲ್ಲಿಯೂ ನಮ್ಮಲ್ಲಿಯಂತೆ ಚೌಕಾಶಿಯೇ ರೂಢಿ. ಮಾರುವವನು ಹತ್ತೆನ್ನುವುದು, ಕೊಳ್ಳುವವನು ನಾಲ್ಕೆನ್ನುವುದು, ಇಬ್ಬರೂ ಇದಕ್ಕಿಂತ ಬಿಡಿಗಾಸು ಆಗದೆಂದು ಆಣೆಯಿಟ್ಟು ಆರಕ್ಕೆ ಒಪ್ಪುವುದು. ಕ್ವೇಕರ್ ವರ್ತಕರು ಯೋಚಿಸಿದರು: ಹತ್ತಕ್ಕೆ ಕಡಿಮೆ ಕೊಡಲಾರೆ ಎಂದು ಆರಕ್ಕೆ ಕೊಟ್ಟರೆ, ಮೊದಲ ಮಾತು ಸುಳ್ಳಾಗಲಿಲ್ಲವೇ? ಆದ್ದರಿಂದ ಮೊದಲೇ ಆರೆಂದು ಹೇಳಿ ಆರಕ್ಕೇ ನಿಂತರು. ಆರಂಭದಲ್ಲಿ ಗಿರಾಕಿಗಳು ದೂರವಾದರು. ಕ್ರಮೇಣ, ಏನೂ ಅರಿಯದ ಮಗುವನ್ನು ಕಳುಹಿಸಿದರೂ ಇವರ ಅಂಗಡಿಯಲ್ಲಿ ಮೋಸವಾಗದೆಂದು ಜನ ಕಂಡುಕೊಂಡು ಹಿಂದಿರುಗಿದರೆಂದು ಫಾಕ್ಸ್ ಬರೆದಿಟ್ಟಿದ್ದಾನೆ. ‘ಒಂದೇ ಬೆಲೆ’ ಎಂಬ ಫಲಕವನ್ನು ಅಂಗಡಿಗಳಲ್ಲಿ ಕಂಡಾಗ ನನಗೆ ಈಗ ಬೆಟ್ಟದ ಮೇಲಿನ ಬೋಧನೆ ನೆನಪಾಗುತ್ತದೆ. ನನ್ನ ಹೆಂಡತಿಗೆ ಇದನ್ನು ಹೇಳಿದರೆ, ಚೌಕಾಶಿ ಮಾಡಲು ಬಾರದವರು ಹುಡುಕಿಕೊಂಡ ನೆಪ ಎನ್ನುತ್ತಾಳೆ.

ನಮ್ಮ ದೇಶದ ಕಾನೂನಿನಲ್ಲಿ ಈ ವಿಷಯಕ್ಕೆ ಒಂದು ವಿಚಿತ್ರ ತಿರುವಿದೆ. ಕಂಪನಿ ಸರಕಾರದ ಆರಂಭದ ಕಾಲದಲ್ಲಿ ಹಿಂದೂ ಸಾಕ್ಷಿಗಳಿಗೆ ಗಂಗಾಜಲ, ಮುಸಲ್ಮಾನರಿಗೆ ಕುರಾನ್ ಹಿಡಿಸಿ ಪ್ರಮಾಣ ಮಾಡಿಸುವುದಿತ್ತು. 1840ರ ಕಾಯಿದೆ ಅದನ್ನು ನಿಲ್ಲಿಸಿ ಅವರಿಗೆ ದೃಢೀಕರಣ ಸಾಕೆಂದಿತು. 1873ರ ಪ್ರಮಾಣಗಳ ಕಾಯಿದೆಯೂ ಹಿಂದೂಗಳಿಗೆ, ಮುಸಲ್ಮಾನರಿಗೆ, ಆಣೆಗೆ ಆಕ್ಷೇಪವಿದ್ದವರಿಗೆ ದೃಢೀಕರಣವನ್ನೇ ವಿಧಿಸಿತು. ಹೀಗಾಗಿ ಬಹುಕಾಲ ಈ ನಾಡಿನ ನ್ಯಾಯಾಲಯಗಳಲ್ಲಿ ಆಣೆಯಿಡಬೇಡ ಎಂಬ ಬೋಧನೆಗೆ ತಲೆಬಾಗಿದವರು ಆಣೆಯಿಟ್ಟು ಸಾಕ್ಷಿ ಹೇಳಿದರು, ಆ ಬೋಧನೆಯನ್ನು ಕೇಳಿರದವರು ಆಣೆಯಿಲ್ಲದೆ ಹೇಳಿದರು! 1873ರ ಕಾಯಿದೆಯಲ್ಲಿ ಇನ್ನೂ ಒಂದು ವಿಶೇಷವಿತ್ತು. ಎದುರಾಳಿಯು ಇಂಥ ಆಣೆಯಿಟ್ಟು ಹೇಳಿದರೆ ಅದಕ್ಕೆ ತಾನು ಬದ್ಧನೆಂದು ಒಬ್ಬನು ಒಪ್ಪಿ, ಎದುರಾಳಿ ಹಾಗೆ ಆಣೆಯಿಟ್ಟರೆ, ಒಪ್ಪಿದವನ ಮಟ್ಟಿಗೆ ಅದೇ ಕೊನೆಯ ಮಾತು. 1969ರ ಕಾಯಿದೆಯಲ್ಲಿ ಇದು ಹೋಯಿತು. ಪ್ರಮಾಣವೋ ದೃಢೀಕರಣವೋ ಎಂಬ ಆಯ್ಕೆ ಎಲ್ಲರಿಗೂ ಬಂತು.

ಆ ಕಾಯಿದೆಯಲ್ಲಿ ನನಗೆ ಪ್ರಿಯವಾದ ಒಂದು ಮಾತಿದೆ. ಹನ್ನೆರಡು ವರ್ಷಕ್ಕೆ ಕೆಳಗಿನ ಮಗು ಸತ್ಯ ಹೇಳುವ ಕರ್ತವ್ಯವನ್ನು ಅರಿತಿದ್ದು, ಪ್ರಮಾಣವೆಂದರೇನೆಂದು ಅರಿಯದಿದ್ದರೆ, ಪ್ರಮಾಣವಿಲ್ಲದೆಯೇ ಅದರ ಸಾಕ್ಷ್ಯವನ್ನು ಪಡೆಯಬಹುದು. ಪ್ರಮಾಣವಿಲ್ಲವೆಂದು ಸತ್ಯ ಹೇಳುವ ಹೊಣೆ ಕಡಿಮೆಯಾಗುವುದಿಲ್ಲ. ಒಮ್ಮೆ ಏಳೆಂಟು ವರ್ಷದ ಹುಡುಗಿಯೊಬ್ಬಳು ಸಾಕ್ಷಿಗೆ ಬಂದಿದ್ದಳು. ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ನ್ಯಾಯಾಧೀಶರು ಮೆಲ್ಲಗೆ ಕೇಳಿದರು. ದೇವರು ಕಣ್ಣು ಕೀಳುತ್ತಾನೆ ಎಂಬ ಬಗೆಯ ಉತ್ತರವನ್ನು ನಾವೆಲ್ಲ ನಿರೀಕ್ಷಿಸಿದ್ದೆವು. ಅವಳು ಸ್ವಲ್ಪ ಯೋಚಿಸಿ, “ಅಮ್ಮನಿಗೆ ಬೇಜಾರಾಗುತ್ತದೆ” ಎಂದಳು. ಪ್ರಮಾಣ ಬೇಡ, ಮುಂದುವರಿಯಲಿ ಎಂದರು ನ್ಯಾಯಾಧೀಶರು. ನನಗೆ ಅಂದು ಬೇರೆ ಕೆಲಸವಿರಲಿಲ್ಲ.

ಯಾಕೋಬನ ಪತ್ರವೂ ಆಣೆಯನ್ನು ನಿಷೇಧಿಸುತ್ತದೆ. ಅದಕ್ಕೆ ತುಸು ಮೊದಲು ಅದೇ ಪತ್ರ, ನಾಳೆ ಇಂಥ ಊರಿಗೆ ಹೋಗಿ ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಗಟ್ಟಿಯಾಗಿ ಹೇಳುವವರನ್ನು ತಡೆದು, ನಿಮ್ಮ ಬದುಕು ತುಸು ಹೊತ್ತು ಕಂಡು ಮಾಯವಾಗುವ ಮಂಜಿನಂಥದು, ದೇವರ ಚಿತ್ತವಿದ್ದರೆ ಎಂದು ಸೇರಿಸಿ ಹೇಳಿ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಬೋಧನೆಯ ಒಳಗುಟ್ಟು ಹೊಳೆಯಿತು. ನಾಳೆಯ ಮೇಲೆ ನನಗೆ ಅಧಿಕಾರವಿಲ್ಲ, ಕೂದಲಿನ ಬಣ್ಣದ ಮೇಲೆ ಇಲ್ಲ. ಹಾಗೆಯೇ ಎದುರಿಗಿದ್ದವನ ನಂಬಿಕೆಯ ಮೇಲೆಯೂ ಇಲ್ಲ. ಆಣೆಯಿಡುವವನು ಇದನ್ನು ಒಪ್ಪುವುದಿಲ್ಲ. ನಾನು ಹೇಳಿದ್ದನ್ನು ನೀನು ನಂಬಲೇಬೇಕು, ನಂಬದೇ ಇರಲು ನಿನಗೆ ದಾರಿಯಿರಕೂಡದು ಎಂದು ಅವನು ದೇವರನ್ನೇ ತಂದು ಅಡ್ಡ ನಿಲ್ಲಿಸುತ್ತಾನೆ. ಆಣೆಯನ್ನು ಬಿಟ್ಟವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೌದು ಎಂದು ಹೇಳಿ ಸುಮ್ಮನಿರಬೇಕು. ಕೇಳಿದವನು ನಂಬಿದರೆ ನಂಬಿದ; ನಂಬದಿದ್ದರೆ, ನಂಬದವನ ಎದುರಿಗೆ ನಿರಾಯುಧನಾಗಿ ನಿಂತಿರಬೇಕು. ನಿಜ ಏನೆಂದು ದೇವರಿಗೆ ಗೊತ್ತಿದೆ, ಅವನಿಗೆ ಗೊತ್ತಿರುವುದೇ ಸಾಕು ಎಂಬ ಧೈರ್ಯ ಇಲ್ಲದೆ ಇದು ಆಗುವ ಕೆಲಸವಲ್ಲ. ಸತ್ಯ ಹೇಳುವುದು ಕಷ್ಟವೆಂದು ಮೊದಲು ತಿಳಿದಿದ್ದೆ. ಸತ್ಯ ಹೇಳಿಯೂ ಸುಳ್ಳನೆನಿಸಿಕೊಂಡು ಬದುಕುವುದು ಅದಕ್ಕಿಂತ ಕಷ್ಟ.

ಇದನ್ನು ಪುಸ್ತಕದಿಂದ ಮಾತ್ರ ತಿಳಿದು ಹೇಳುತ್ತಿಲ್ಲ. ಅಡಿಕೆಯ ಹಣದ ವಿಷಯವನ್ನು ನಾನು ಎರಡು ವರ್ಷಗಳ ಬಳಿಕ ಅಣ್ಣನಿಗೆ ಹೇಳಿ, ಅವನ ಪಾಲನ್ನು ಬಡ್ಡಿಸಹಿತ ಕೊಟ್ಟೆ. ಅವನು ಎಣಿಸದೆ ತೆಗೆದುಕೊಂಡ. ಬೈಯಲಿಲ್ಲ. “ದೇವರಾಣೆ ಹಾಕಿದ್ದೆಯಲ್ಲ” ಎಂದಷ್ಟೇ ಕೇಳಿದ. ಕೈ, ಖಾತೆ ಎಂದು ವಿವರಿಸಲು ಹೊರಟವನು ಅರ್ಧಕ್ಕೆ ನಿಲ್ಲಿಸಿದೆ.

ಅಮ್ಮ ತೀರಿಕೊಂಡದ್ದು ಅದಾಗಿ ಆರು ವರ್ಷಕ್ಕೆ. ಕೊನೆಯ ಹತ್ತು ತಿಂಗಳು ಅವರು ಹಾಸಿಗೆಯಲ್ಲಿದ್ದರು. ನೆರೆಯ ಒಬ್ಬ ಬಡ ಹೆಂಗಸು ಮಗಳಂತೆ ನೋಡಿಕೊಂಡಳು. ಒಂದು ಸಂಜೆ ಅಮ್ಮ ನನ್ನನ್ನು ಹತ್ತಿರ ಕರೆದು, ಕೊರಳಿನ ಅವಲಕ್ಕಿ ಸರವನ್ನು ಬಿಚ್ಚಿಸಿ, ಅವಳ ಕೈಯಲ್ಲಿ ಇಡಿಸಿದರು. ಆಗ ಕೋಣೆಯಲ್ಲಿ ನಾವು ಮೂವರೇ. ಆ ಹೆಂಗಸು ಮರುವರ್ಷ ಮಗನೊಡನೆ ಊರು ಬಿಟ್ಟಳು. ಅಮ್ಮನ ವರ್ಷಾಂತಿಕ ಮುಗಿಸಿ ಬಂಧುಗಳೆಲ್ಲ ಚಾವಡಿಯಲ್ಲಿ ಕುಳಿತಿದ್ದಾಗ ಅಣ್ಣ ಸರದ ಮಾತು ತೆಗೆದ. ಅಮ್ಮನೇ ಕೊಟ್ಟರು ಎಂದೆ.

“ಆಣೆ ಹಾಕು.”

“ಅಮ್ಮನೇ ಕೊಟ್ಟದ್ದು ಹೌದು ಅಣ್ಣ.”

“ಕಾನತ್ತೂರಿಗೆ ಬರುತ್ತೀಯಾ?”

ಕಾಸರಗೋಡಿನವರಿಗೆ ಆ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಕಾನತ್ತೂರಿನ ನಾಲ್ವರ್ 
ದೈವಗಳ ಸನ್ನಿಧಿಯಲ್ಲಿ ತೀರದ ತಕರಾರು ಇಲ್ಲವೆಂಬ ನಂಬಿಕೆಯಲ್ಲೇ ನಾನೂ ಬೆಳೆದವನು. ಆ ನಂಬಿಕೆ ಇಂದಿಗೂ ಇದೆ. ಹೋಗಿದ್ದರೆ ನನಗೆ ಭಯಪಡಬೇಕಾದದ್ದು ಏನೂ ಇರಲಿಲ್ಲ, ಅರ್ಧ ದಿನದಲ್ಲಿ ಮಾತು ತೀರುತ್ತಿತ್ತು. ಆದರೆ ಒಮ್ಮೆ ದೇವರ ಹೆಸರನ್ನು ಸುಳ್ಳಿಗೆ ಮರೆಯಾಗಿ ಬಳಸಿದವನು ಇನ್ನೊಮ್ಮೆ ನಿಜಕ್ಕೆ ಊರುಗೋಲಾಗಿ ಬಳಸಲು ನನಗೆ ಮನಸ್ಸು ಒಪ್ಪಲಿಲ್ಲ. “ಇಲ್ಲ ಅಣ್ಣ, ಬರುವುದಿಲ್ಲ. ಹೇಳಬೇಕಾದ್ದು ಹೇಳಿದ್ದೇನೆ” ಎಂದೆ. ಚಾವಡಿಯಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸೋದರಮಾವ ಎದ್ದು ಅಂಗಳಕ್ಕೆ ಹೋದರು. ನನ್ನ ನಿರಾಕರಣೆಯನ್ನು ಅವರು ಹೇಗೆ ಅರ್ಥಮಾಡಿಕೊಂಡರೆಂಬುದು ಸ್ಪಷ್ಟವಾಗಿತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಅರ್ಥಮಾಡಿಕೊಳ್ಳುತ್ತಿದ್ದೆ.

ಅಣ್ಣನಿಗೆ ಈಗ ಎಂಬತ್ತು ತುಂಬಿದೆ, ಮುಂಬಯಿಯಲ್ಲೇ ಇದ್ದಾನೆ. ದೀಪಾವಳಿಗೆ ಫೋನು ಮಾಡುತ್ತಾನೆ. ಮಳೆ ಹೇಗಾಯಿತು, ಕೊಳೆರೋಗ ಹತೋಟಿಗೆ ಬಂತೋ, ಅಡಿಕೆಗೆ ಈಗ ಎಷ್ಟು ದರ ಎಂದು ಕೇಳುತ್ತಾನೆ. ದರವನ್ನು ಹೇಳುತ್ತೇನೆ. “ಹೌದೋ?” ಎನ್ನುತ್ತಾನೆ. “ಹೌದು” ಎನ್ನುತ್ತೇನೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರುತ್ತೇವೆ. ಸರದ ಮಾತನ್ನು ಅವನು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.